ಜೇಮ್ಸ್ ಲೆಗ್: ಮತ ಹೇಳಲು ಹೋಗಿ, ಚೀನಾವನ್ನು ಓದುತ್ತಾ ಉಳಿದವರು

1861ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಒಂದು ದಪ್ಪ ಪುಸ್ತಕ ಅಚ್ಚಾಗಿ ಹೊರಬಂತು. ಕನ್ಫ್ಯೂಷಿಯಸ್‌ನ ಮಾತುಗಳ ಚೀನೀ ಮೂಲ, ಅದಕ್ಕೆ ಇಂಗ್ಲಿಷ್ ಅನುವಾದ, ಜೊತೆಗೆ ಉದ್ದನೆಯ ಪೀಠಿಕೆ. ಆ ಪೀಠಿಕೆಯಲ್ಲಿ ಅನುವಾದಕ ಜೇಮ್ಸ್ ಲೆಗ್ ಯಾವ ಮುಲಾಜೂ ಇಲ್ಲದೆ ಹೀಗೆ ಬರೆದರು: ಈತನ ನಡೆಯನ್ನೂ ವಿಚಾರಗಳನ್ನೂ ಬಹಳ ಕಾಲ ಓದಿದ್ದೇನೆ, ಆದರೂ ಈತನನ್ನು ದೊಡ್ಡ ಮನುಷ್ಯ ಎಂದು ಒಪ್ಪಿಕೊಳ್ಳಲು ನನ್ನಿಂದ ಆಗುತ್ತಿಲ್ಲ. ಧರ್ಮಕ್ಕೆ ಈತ ಯಾವ ಹುರುಪನ್ನೂ ಕೊಡಲಿಲ್ಲ, ಪ್ರಗತಿಯ ಕಡೆ ಈತನಿಗೆ ಒಲವಿರಲಿಲ್ಲ, ಈತನ ಪ್ರಭಾವ ಇನ್ನು ಇಳಿಯುತ್ತಾ ಹೋಗುತ್ತದೆ ಎಂದೂ ಸೇರಿಸಿದರು.

1893ರಲ್ಲಿ ಅದೇ ಸಂಪುಟದ ಪರಿಷ್ಕೃತ ಮುದ್ರಣ ಆಕ್ಸ್‌ಫರ್ಡ್‌ನಿಂದ ಬಂತು. ಆಗ ಲೆಗ್ ಅವರಿಗೆ 77 ವರ್ಷ. ಈಗ ಅಲ್ಲಿ ಬೇರೆಯೇ ಮಾತಿತ್ತು: ಓದಿದಷ್ಟೂ ಈತನ ಮೇಲೆ ನನ್ನ ಗೌರವ ಹೆಚ್ಚುತ್ತಾ ಬಂದಿದೆ, ಈತ ಬಹಳ ದೊಡ್ಡ ಮನುಷ್ಯ, ಈತನ ಬೋಧನೆಯಿಂದ ಕ್ರೈಸ್ತರಾದ ನಾವೂ ಕಲಿಯಬೇಕಾದ್ದು ಇದೆ.

ವಯಸ್ಸಾದಂತೆ ಅಭಿಪ್ರಾಯ ಬದಲಾಗುವುದು ಸಾಮಾನ್ಯ. ಆದರೆ ತಾನೇ ಅಚ್ಚು ಹಾಕಿಸಿದ ತೀರ್ಪನ್ನು ಅದೇ ಪುಸ್ತಕದಲ್ಲಿ, ಎಲ್ಲರ ಕಣ್ಣೆದುರು ತಿದ್ದಿ ಬರೆಯಲು ದೊಡ್ಡ ಮನಸ್ಸು ಬೇಕು, ಅಲ್ವಾ? ಆ 32 ವರ್ಷಗಳಲ್ಲಿ ಏನು ನಡೆಯಿತು ಎಂದು ನೋಡಿದರೆ, ಹೊರಗಿನವರೊಬ್ಬರು ಇನ್ನೊಂದು ಸಂಸ್ಕೃತಿಯನ್ನು ಓದುವುದು ಹೇಗೆ ಎಂಬುದು ತಿಳಿಯುತ್ತದೆ. ಲೆಗ್ ಅವರ ಕಥೆ ನನಗೆ ಇಷ್ಟವಾಗುವುದು ಅದಕ್ಕೇ.

ಮಲಾಕ್ಕಾದಿಂದ ಹಾಂಗ್‌ಕಾಂಗ್‌ಗೆ

ಲೆಗ್ ಹುಟ್ಟಿದ್ದು 1815ರಲ್ಲಿ, ಸ್ಕಾಟ್ಲೆಂಡ್‌ನ ಅಬರ್ಡೀನ್ ಸೀಮೆಯ ಹಂಟ್ಲಿ ಎಂಬ ಸಣ್ಣ ಊರಿನಲ್ಲಿ. ಅಬರ್ಡೀನ್‌ನ ಕಿಂಗ್ಸ್ ಕಾಲೇಜಿನಲ್ಲಿ ಓದಿ, ಲಂಡನ್ ಮಿಷನರಿ ಸೊಸೈಟಿ ಸೇರಿದರು. 1839ರಲ್ಲಿ ಹೆಂಡತಿ ಮೇರಿ ಜೊತೆ ಹಡಗು ಹತ್ತಿ, ಮುಂದಿನ ಜನವರಿಯಲ್ಲಿ ಮಲಾಕ್ಕಾ ತಲುಪಿದರು. ಆಗ ಚೀನಾದೊಳಗೆ ಹೋಗಿ ಮತಪ್ರಚಾರ ಮಾಡಲು ಪಾದ್ರಿಗಳಿಗೆ ಅವಕಾಶ ಇರಲಿಲ್ಲ. ಹಾಗಾಗಿ ಮಿಷನ್‌ನವರು ಮಲಾಕ್ಕಾದಲ್ಲಿ ನೆಲೆಸಿದ್ದ ಚೀನೀಯರ ನಡುವೆ ಶಾಲೆ, ಅಚ್ಚುಕೂಟ ಇಟ್ಟುಕೊಂಡು ಕಾಯುತ್ತಿದ್ದರು. ಅಲ್ಲಿನ ಆಂಗ್ಲೋ ಚೈನೀಸ್ ಕಾಲೇಜಿಗೆ ಲೆಗ್ ಮುಖ್ಯಸ್ಥರಾದರು.

ಕಾಯುವಿಕೆ ಮುಗಿದದ್ದು ಯುದ್ಧದಿಂದ. ಮೊದಲ ಅಫೀಮು ಯುದ್ಧದಲ್ಲಿ ಚೀನಾ ಸೋತಿತು. 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ಬ್ರಿಟಿಷರ ಕೈಗೆ ಹೋಯಿತು. ಮರುವರ್ಷ ಲೆಗ್ ಕೂಡ ಅಲ್ಲಿಗೆ ಬಂದರು. ಮಧ್ಯೆ ಕೆಲವು ವರ್ಷ ಊರಿಗೆ ಹೋಗಿ ಬಂದದ್ದು ಬಿಟ್ಟರೆ, 1873ರವರೆಗೆ ಅದೇ ಅವರ ಮನೆ.

ಅಲ್ಲಿ ಅವರಿಗೆ ಒಂದು ವಿಷಯ ಸ್ಪಷ್ಟವಾಯಿತು. ಚೀನಾದ ಓದಿದ ಜನ ಯಾವ ಗ್ರಂಥಗಳನ್ನು ಉಸಿರಾಡುತ್ತಾರೋ ಅವು ತಿಳಿಯದೆ ಅವರ ಜೊತೆ ಮಾತೇ ಸಾಧ್ಯವಿಲ್ಲ. ಇದು ಏಕೆ ಎಂದು ಅರ್ಥವಾಗಲು ಅಂದಿನ ಪರೀಕ್ಷೆಗಳ ಬಗ್ಗೆ ಸ್ವಲ್ಪ ಹೇಳಬೇಕು.

ನಾಲ್ಕು ಪುಸ್ತಕ, ಐದು ಗ್ರಂಥ

ಹಳೆಯ ಚೀನಾದಲ್ಲಿ ಸರ್ಕಾರಿ ಅಧಿಕಾರಿ ಆಗಬೇಕಾದರೆ ಪರೀಕ್ಷೆ ಪಾಸಾಗಬೇಕಿತ್ತು. ಪರೀಕ್ಷೆಯಲ್ಲಿ ಕೇಳುತ್ತಿದ್ದದ್ದು ಲೆಕ್ಕವನ್ನಲ್ಲ, ಕಾನೂನನ್ನೂ ಅಲ್ಲ. ಹೆಚ್ಚಾಗಿ ಪ್ರಾಚೀನ ಗ್ರಂಥಗಳನ್ನೇ. ಮೊದಲು ನಾಲ್ಕು ಪುಸ್ತಕ: ಕನ್ಫ್ಯೂಷಿಯಸ್ ಮತ್ತು ಶಿಷ್ಯರ ಮಾತುಕತೆಯ ‘ಲುನ್ ಯು’, ಆತನ ನಂತರದ ಚಿಂತಕ ಮೆನ್ಷಿಯಸ್‌ನ ಸಂವಾದಗಳು, ‘ದಾ ಶ್ಯೂಯೆ’ ಮತ್ತು ‘ಜೊಂಗ್ ಯೊಂಗ್’ ಎಂಬ ಎರಡು ಕಿರುಗ್ರಂಥಗಳು. ಆಮೇಲೆ ಐದು ಮಹಾಗ್ರಂಥ: 305 ಹಾಡುಗಳ ‘ಶೀ ಜಿಂಗ್’, ಪ್ರಾಚೀನ ರಾಜರ ಮಾತು ಮತ್ತು ಆಜ್ಞೆಗಳ ‘ಶೂ ಜಿಂಗ್’, ಶಕುನ ಕೇಳುವ ‘ಯೀ ಜಿಂಗ್’, ವಿಧಿ ಮತ್ತು ನಡವಳಿಕೆಯ ‘ಲಿ ಜಿ’, ಲು ಎಂಬ ರಾಜ್ಯದ ವರ್ಷವಾರು ದಾಖಲೆಯಾದ ‘ಚುನ್ ಚಿಯೂ’. ಹುಡುಗರು ಸಣ್ಣ ವಯಸ್ಸಿನಿಂದಲೇ ಇವನ್ನು ಬಾಯಿಪಾಠ ಮಾಡುತ್ತಿದ್ದರು. ಈ ಪದ್ಧತಿ ನಿಂತದ್ದು 1905ರಲ್ಲಿ.

ಮೂಲ ಕಲಿತರೆ ಸಾಲದು. ಗೀತೆಗೆ ಶಂಕರ, ರಾಮಾನುಜ, ಮಧ್ವರ ಭಾಷ್ಯಗಳಿರುವ ಹಾಗೆ ಈ ಗ್ರಂಥಗಳಿಗೂ ಶತಮಾನಗಳ ವ್ಯಾಖ್ಯಾನಗಳಿವೆ. 12ನೇ ಶತಮಾನದ ಜೂ ಶಿ ಬರೆದ ವ್ಯಾಖ್ಯಾನವೇ ಪರೀಕ್ಷೆಗೆ ಅಧಿಕೃತವಾಗಿತ್ತು. ಅದಕ್ಕೂ ಸಾವಿರ ವರ್ಷ ಹಿಂದಿನ ಹಾನ್ ಕಾಲದ ವ್ಯಾಖ್ಯಾನಗಳು ಬೇರೆ. ಅವುಗಳ ಮೇಲೆ, ಲೆಗ್ ದಿನಗಳಲ್ಲೂ ಆಳುತ್ತಿದ್ದ ಚಿಂಗ್ ವಂಶದ ಕಾಲದ ವಿದ್ವಾಂಸರ ತರ್ಕ ಇನ್ನೊಂದು ಪದರ.

ಲೆಗ್‌ಗಿಂತ ಮೊದಲೂ ಯುರೋಪಿನವರು ಇವನ್ನು ಅನುವಾದಿಸಿದ್ದರು. ಜೆಸ್ಯೂಟ್ ಪಾದ್ರಿಗಳ ಲ್ಯಾಟಿನ್ ಅನುವಾದ 1687ರಲ್ಲೇ ಪ್ಯಾರಿಸ್‌ನಲ್ಲಿ ಅಚ್ಚಾಗಿತ್ತು. ಆದರೆ ಲೆಗ್ ಹಾಕಿಕೊಂಡ ಲೆಕ್ಕ ಬೇರೆ. ಒಂಬತ್ತನ್ನೂ ಅನುವಾದಿಸಬೇಕು, ವ್ಯಾಖ್ಯಾನಗಳನ್ನು ಜೊತೆಗಿಟ್ಟುಕೊಂಡೇ ಅನುವಾದಿಸಬೇಕು.

ಅವರ ಪುಟವನ್ನು ಒಮ್ಮೆ ನೋಡಬೇಕು. ಮೇಲೆ ದೊಡ್ಡ ಅಕ್ಷರದಲ್ಲಿ ಚೀನೀ ಮೂಲ. ನಡುವೆ ಇಂಗ್ಲಿಷ್ ಅನುವಾದ. ಕೆಳಗೆ ಸಣ್ಣ ಅಕ್ಷರದಲ್ಲಿ ಒತ್ತೊತ್ತಾಗಿ ಟಿಪ್ಪಣಿ, ಎಷ್ಟೋ ಪುಟಗಳಲ್ಲಿ ಮುಕ್ಕಾಲು ಭಾಗ ಅದೇ. ಈ ಸಾಲಿಗೆ ಜೂ ಶಿ ಹೀಗೆ ಹೇಳುತ್ತಾನೆ, ಹಾನ್ ಕಾಲದವರು ಹಾಗೆ ಹೇಳುತ್ತಾರೆ, ನಾನು ಇದನ್ನು ಆರಿಸಿದೆ, ಕಾರಣ ಇದು. ಓದುಗನಿಗೆ ಅನುವಾದಕನನ್ನು ಪರೀಕ್ಷಿಸುವ ಅವಕಾಶ ಅದೇ ಪುಟದಲ್ಲಿದೆ. ಒಪ್ಪಿಗೆಯಾಗದ್ದನ್ನೂ ಲೆಗ್ ಮುಚ್ಚಿಡಲಿಲ್ಲ. ಕೆಡುಕು ಮಾಡಿದವನಿಗೆ ನ್ಯಾಯದಿಂದ ಉತ್ತರ ಕೊಡು, ಒಳಿತು ಮಾಡಿದವನಿಗೆ ಒಳಿತಿನಿಂದ ಎಂದು ಕನ್ಫ್ಯೂಷಿಯಸ್ ಹೇಳುವ ಕಡೆ, ಈತನ ನೀತಿ ನಮ್ಮ ಕ್ರೈಸ್ತ ಅಳತೆಗಿಂತ ಎಷ್ಟು ಹಿಂದಿದೆ ನೋಡಿ ಎಂದು ಟಿಪ್ಪಣಿ ಹಾಕಿದರು.

‘ಚೈನೀಸ್ ಕ್ಲಾಸಿಕ್ಸ್’ ಎಂಬ ಈ ಮಾಲೆ 1861ರಿಂದ 1872ರವರೆಗೆ ಐದು ಸಂಪುಟ, ಎಂಟು ಪುಸ್ತಕಗಳಾಗಿ ಬಂತು. ಅಚ್ಚಾದದ್ದು ಹಾಂಗ್‌ಕಾಂಗ್‌ನ ಮಿಷನ್ ಅಚ್ಚುಕೂಟದಲ್ಲಿ. ಹಗಲು ಚರ್ಚು, ಶಾಲೆ, ಜನರ ಕೆಲಸ. ಓದು ನಡೆಯುತ್ತಿದ್ದದ್ದು ಬೆಳಗಿನ ಜಾವ. ಮೂರು ಗಂಟೆಗೆ ಎದ್ದು, ತಾವೇ ಚಹಾ ಮಾಡಿಕೊಂಡು ಮೇಜಿಗೆ ಕೂರುವುದು ಅವರ ಅಭ್ಯಾಸ.

ಇಲ್ಲಿ ಒಂದು ಕಹಿ ಸಂಗತಿಯನ್ನೂ ಹೇಳಬೇಕು. ಇಷ್ಟು ದೊಡ್ಡ ಮುದ್ರಣಕ್ಕೆ ಹಣ ಕೊಟ್ಟವರು ಜೋಸೆಫ್ ಜಾರ್ಡಿನ್, ಅವರು ತೀರಿದ ಮೇಲೆ ತಮ್ಮ ರಾಬರ್ಟ್. ಜಾರ್ಡಿನ್ ಮನೆತನದ ಸಂಪತ್ತಿನಲ್ಲಿ ಅಫೀಮಿನ ಪಾಲು ದೊಡ್ಡದು. ಆ ಅಫೀಮು ಬೆಳೆದದ್ದು ನಮ್ಮ ದೇಶದಲ್ಲಿ, ಬಿಹಾರ ಮತ್ತು ಮಾಳವದ ಹೊಲಗಳಲ್ಲಿ. ಕಲ್ಕತ್ತಾ, ಬೊಂಬಾಯಿಗಳಿಂದ ಅದು ಚೀನಾಕ್ಕೆ ಹೋಗುತ್ತಿತ್ತು. ಲೆಗ್ ಮಾತ್ರ ಅಫೀಮು ವ್ಯಾಪಾರವನ್ನು ಬಹಿರಂಗವಾಗಿ ವಿರೋಧಿಸಿದವರು. ಈ ಎರಡೂ ಒಂದೇ ಬದುಕಿನಲ್ಲಿ ಇದ್ದವು.

ಪಕ್ಕದಲ್ಲಿ ಕೂತವರು

ಲೆಗ್ ಒಬ್ಬರೇ ಕೂತು ಇದನ್ನೆಲ್ಲ ಮಾಡಿದರು ಎಂದರೆ ಅದು ಸುಳ್ಳು. ಮಲಾಕ್ಕಾದ ದಿನಗಳಿಂದ ಅವರ ಜೊತೆಗಿದ್ದ ಹೆ ಜಿನ್‌ಶಾನ್ ಮುಂದೆ ಪಾದ್ರಿಯಾಗಿ, ಬೈಬಲ್ಲಿಗೆ ಚೀನೀ ಭಾಷೆಯಲ್ಲಿ ವ್ಯಾಖ್ಯಾನ ಬರೆದರು. 1850ರ ದಶಕದಲ್ಲಿ ಹಾಂಗ್ ರೆನ್‌ಗಾನ್ ಎಂಬ ಯುವಕ ಲೆಗ್ ಜೊತೆ ಕೆಲಸ ಮಾಡಿದ. ಆತ ಚೀನಾದ ಚಕ್ರವರ್ತಿಯ ಆಳ್ವಿಕೆಯ ವಿರುದ್ಧ ಎದ್ದ ತೈಪಿಂಗ್ ದಂಗೆಯ ನಾಯಕ ಹಾಂಗ್ ಶಿಯುಚುವಾನ್‌ನ ಸಂಬಂಧಿ. 1859ರಲ್ಲಿ ನಾನ್‌ಜಿಂಗ್‌ಗೆ ಹೋಗಿ ದಂಗೆಕೋರರ ಸರ್ಕಾರದ ಮುಖ್ಯ ಮಂತ್ರಿಯಂಥ ಸ್ಥಾನಕ್ಕೇರಿದ. ಈತನಿಗೆ ಮೊದಲು ಆಶ್ರಯ ಕೊಟ್ಟು ಕಲಿಸಿದ್ದು ಬಾಸೆಲ್ ಮಿಷನ್ನಿನ ಥಿಯೋಡರ್ ಹಾಂಬರ್ಗ್. ನಮ್ಮ ಮಂಗಳೂರಿಗೆ 1834ರಲ್ಲಿ ಬಂದು, ಮುಂದೆ ಕಿಟೆಲ್ ಅವರನ್ನು ಕನ್ನಡಕ್ಕೆ ಕೊಟ್ಟದ್ದು ಇದೇ ಬಾಸೆಲ್ ಮಿಷನ್. ಕಿಟೆಲ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ, ಲೆಗ್ ತಮ್ಮ ಮೊದಲ ಸಂಪುಟ ತಿದ್ದಿದ ಮರುವರ್ಷ. ಇಬ್ಬರೂ ಮತಪ್ರಚಾರಕ್ಕೆ ಹೋಗಿ, ಹೋದ ನಾಡಿನ ಪಂಡಿತರ ಬಳಿ ವಿದ್ಯಾರ್ಥಿಗಳಾಗಿ ಕೂತವರು.

ಲೆಗ್ ಬಳಿ ಬಂದವರಲ್ಲಿ ಎಲ್ಲರಿಗಿಂತ ಮುಖ್ಯ ವಾಂಗ್ ತಾವ್. 1828ರಲ್ಲಿ ಸೂಜೌ ಹತ್ತಿರ ಹುಟ್ಟಿದ ಪಂಡಿತ. ಶಾಂಘಾಯ್‌ನ ಮಿಷನ್ ಅಚ್ಚುಕೂಟದಲ್ಲಿ ಕೆಲಸ ಮಾಡುತ್ತಿದ್ದರು. 1862ರಲ್ಲಿ ತೈಪಿಂಗ್ ದಂಗೆಕೋರರಿಗೆ ಸಲಹೆ ಕೊಟ್ಟು ಪತ್ರ ಬರೆದರು ಎಂಬ ಆರೋಪ ಬಂತು. ಸಿಕ್ಕಿಬಿದ್ದರೆ ತಲೆ ಹೋಗುತ್ತಿತ್ತು. ಬ್ರಿಟಿಷರ ನೆರವಿನಿಂದ ಹಾಂಗ್‌ಕಾಂಗ್‌ಗೆ ತಪ್ಪಿಸಿಕೊಂಡು ಬಂದರು. ಅಲ್ಲಿ ಲೆಗ್ ಜೊತೆ ಕೂತರು. ಚೀನೀ ವ್ಯಾಖ್ಯಾನಗಳನ್ನು ಹುಡುಕಿ, ಹೋಲಿಸಿ, ಸಾರ ಬರೆದುಕೊಡುವುದು ಅವರ ಕೆಲಸ. ‘ಶೀ ಜಿಂಗ್’ ಹಾಡುಗಳಿಗಾಗಿ ದೊಡ್ಡ ಸಂಗ್ರಹವನ್ನೇ ತಯಾರಿಸಿದರು.

1867ರಲ್ಲಿ ಲೆಗ್ ಸ್ಕಾಟ್ಲೆಂಡ್‌ಗೆ ಹೋದಾಗ ವಾಂಗ್ ತಾವ್ ಅವರನ್ನೂ ಕರೆಸಿಕೊಂಡರು. ಡಾಲರ್ ಎಂಬ ಬೆಟ್ಟದ ತಪ್ಪಲಿನ ಊರಿನಲ್ಲಿ ಇಬ್ಬರೂ 1870ರವರೆಗೆ ಕೆಲಸ ಮಾಡಿದರು. ಸ್ಕಾಟ್ಲೆಂಡ್‌ನ ಚಳಿಯಲ್ಲಿ ಒಬ್ಬ ಪಾದ್ರಿ, ಒಬ್ಬ ದೇಶಭ್ರಷ್ಟ ಚೀನೀ ಪಂಡಿತ, ಎದುರಿಗೆ ಎರಡು ಸಾವಿರ ವರ್ಷಕ್ಕೂ ಹಳೆಯ ಹಾಡುಗಳು. ವಾಂಗ್ ತಾವ್ ಆಕ್ಸ್‌ಫರ್ಡ್‌ನಲ್ಲಿ ಚೀನೀ ಭಾಷೆಯಲ್ಲೇ ಭಾಷಣ ಮಾಡಿದರು. ಹಿಂದಿರುಗಿದ ಮೇಲೆ, 1874ರಲ್ಲಿ ಹಾಂಗ್‌ಕಾಂಗ್‌ನಲ್ಲಿ ‘ಶುನ್‌ಹುವಾನ್ ರಿಬಾವ್’ ಎಂಬ ಪತ್ರಿಕೆ ಶುರು ಮಾಡಿ ಚೀನೀ ಪತ್ರಿಕೋದ್ಯಮದ ಹಿರಿಯರಲ್ಲಿ ಒಬ್ಬರಾದರು. ತನಗೆ ಗೊತ್ತಿದ್ದ ಚೀನೀಯರಲ್ಲೆಲ್ಲ ಗ್ರಂಥಜ್ಞಾನದಲ್ಲಿ ಈತನೇ ಮೇಲು ಎಂದು ಲೆಗ್ ಪೀಠಿಕೆಯಲ್ಲಿ ಕೃತಜ್ಞತೆಯಿಂದ ಬರೆದಿದ್ದಾರೆ. ಆದರೂ ಮುಖಪುಟದಲ್ಲಿ ಒಂದೇ ಹೆಸರು. ಇಂದಿನ ಕಣ್ಣಿಗೆ ಅದು ನ್ಯಾಯ ಅನ್ನಿಸುವುದಿಲ್ಲ.

ದೇವರ ಹೆಸರಿನ ಜಗಳ

ಲೆಗ್ ಅವರನ್ನು ಸ್ವಂತ ಬಳಗದವರೇ ಅನುಮಾನದಿಂದ ನೋಡುವಂತೆ ಮಾಡಿದ ಒಂದು ವಾದವಿದೆ. ಬೈಬಲ್ಲಿನ ದೇವರನ್ನು ಚೀನೀ ಭಾಷೆಯಲ್ಲಿ ಏನೆಂದು ಕರೆಯಬೇಕು? ಪ್ರಾಚೀನ ಗ್ರಂಥಗಳಲ್ಲಿ ಬರುವ ‘ಶಾಂಗ್‌ದಿ’, ಅಂದರೆ ಮೇಲಿನ ಒಡೆಯ, ಅದೇ ದೇವರು ಎಂದರು ಲೆಗ್. ಅಮೆರಿಕದ ಬಿಷಪ್ ವಿಲಿಯಂ ಬೂನ್ ಮತ್ತಿತರರು ಒಪ್ಪಲಿಲ್ಲ. ದೈವ, ಚೇತನ ಎಂಬ ಸಾಮಾನ್ಯ ಅರ್ಥದ ‘ಶೆನ್’ ಎಂಬ ಪದವೇ ಸರಿ ಎಂದರು. 1852ರಲ್ಲಿ ಲೆಗ್ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು.

ಸುಮ್ನೆ ಪದದ ಜಗಳವಾಗಿದ್ದರೆ ಇಷ್ಟು ಕಾವು ಏರುತ್ತಿರಲಿಲ್ಲ. ಲೆಗ್ ಮಾತನ್ನು ಒಪ್ಪಿದರೆ, ಪಾದ್ರಿಗಳು ಬರುವ ಸಾವಿರಾರು ವರ್ಷ ಮೊದಲೇ ಚೀನೀಯರಿಗೆ ನಿಜ ದೇವರ ಅರಿವಿತ್ತು ಎಂದಾಗುತ್ತದೆ. ಹಾಗಾದರೆ ಅವರನ್ನು ಕತ್ತಲಲ್ಲಿರುವ ಜನ ಎನ್ನುವುದು ಹೇಗೆ?

ಲೆಗ್‌ಗೆ ಇದು ಕಾಗದದ ಮೇಲಿನ ವಾದವಾಗಿರಲಿಲ್ಲ. 1873ರಲ್ಲಿ ಹಾಂಗ್‌ಕಾಂಗ್ ಬಿಡುವ ಮೊದಲು ಉತ್ತರ ಚೀನಾ ನೋಡಲು ಹೋದರು. ತೈಶಾನ್ ಬೆಟ್ಟ ಹತ್ತಿದರು, ಚೂಫುವಿನಲ್ಲಿ ಕನ್ಫ್ಯೂಷಿಯಸ್‌ನ ಸಮಾಧಿಯ ಮುಂದೆ ನಿಂತರು. ಬೀಜಿಂಗ್‌ನಲ್ಲಿ ಚಕ್ರವರ್ತಿ ಆಕಾಶಕ್ಕೆ ಪೂಜೆ ಸಲ್ಲಿಸುವ ಬಿಳಿಕಲ್ಲಿನ ವೇದಿಕೆಯ ಬಳಿ ಚಪ್ಪಲಿ ಬಿಟ್ಟು, ಜೊತೆಯವರ ಕೈಹಿಡಿದು ಕ್ರೈಸ್ತ ಸ್ತುತಿಗೀತೆ ಹಾಡಿದರು. ಪವಿತ್ರ ಜಾಗಕ್ಕೆ ಬರಿಗಾಲಲ್ಲಿ ಹೋಗುವುದು ನಮಗೆ ಸಹಜ. ಆದರೆ ಒಬ್ಬ ಪ್ರೊಟೆಸ್ಟಂಟ್ ಪಾದ್ರಿ ಹಾಗೆ ಮಾಡಿದ್ದು ದೊಡ್ಡ ಟೀಕೆಗೆ ಕಾರಣವಾಯಿತು.

1877ರಲ್ಲಿ ಶಾಂಘಾಯ್‌ನಲ್ಲಿ ಮಿಷನರಿಗಳ ದೊಡ್ಡ ಸಮ್ಮೇಳನ ನಡೆಯಿತು. ಕನ್ಫ್ಯೂಷಿಯಸ್ ಮತಕ್ಕೂ ಕ್ರೈಸ್ತ ಮತಕ್ಕೂ ಇರುವ ನಂಟಿನ ಬಗ್ಗೆ ಲೆಗ್ ಒಂದು ಪ್ರಬಂಧ ಕಳಿಸಿದರು. ಸಮ್ಮೇಳನದ ವರದಿ ಅಚ್ಚಾದಾಗ ಅದನ್ನು ಹೊರಗಿಟ್ಟರು.

ಆಕ್ಸ್‌ಫರ್ಡ್‌ನ ಮೇಷ್ಟ್ರು

ಅಷ್ಟರಲ್ಲಿ ಲೆಗ್ ಬೇರೆ ಕುರ್ಚಿಯಲ್ಲಿದ್ದರು. ಚೀನಾ ವ್ಯಾಪಾರದಲ್ಲಿದ್ದವರು ಹಣ ಕೂಡಿಸಿ ಆಕ್ಸ್‌ಫರ್ಡ್‌ನಲ್ಲಿ ಚೀನೀ ಭಾಷೆಗೆ ಪೀಠ ಮಾಡಿಸಿದರು. 1876ರಲ್ಲಿ ಲೆಗ್ ಅಲ್ಲಿನ ಮೊದಲ ಚೀನೀ ಪ್ರಾಧ್ಯಾಪಕರಾದರು. ಅವರು ಇಂಗ್ಲೆಂಡ್ ಚರ್ಚಿಗೆ ಸೇರಿದವರಲ್ಲ. ಅಂಥವರಿಗೆ ಆಕ್ಸ್‌ಫರ್ಡ್‌ನ ಬಾಗಿಲು ಪೂರ್ತಿ ತೆರೆದದ್ದೇ 1871ರ ಕಾನೂನಿನಿಂದ.

ಅಂದಿನ ಆಕ್ಸ್‌ಫರ್ಡ್‌ನಲ್ಲಿ ಚೀನೀ ಭಾಷೆಗೆ ಪದವಿ ಇರಲಿಲ್ಲ. ಕಲಿಯಲು ಬಂದವರು ಬೆರಳೆಣಿಕೆ ಮಂದಿ. ಆದರೂ ಲೆಗ್ ಸಾಯುವವರೆಗೆ, 21 ವರ್ಷ, ಪಾಠ ಮಾಡಿದರು, ಸಾರ್ವಜನಿಕ ಉಪನ್ಯಾಸ ಕೊಟ್ಟರು. ತರಗತಿ ಸಣ್ಣದಾದರೂ ಅವರ ಓದುಗರ ತರಗತಿ ದೊಡ್ಡದಾಯಿತು. ಅದಕ್ಕೆ ಕಾರಣ ಅದೇ ಊರಿನಲ್ಲಿದ್ದ ಮ್ಯಾಕ್ಸ್ ಮುಲ್ಲರ್. ಅವರು ಸಂಪಾದಿಸುತ್ತಿದ್ದ 50 ಸಂಪುಟಗಳ ‘ಸೇಕ್ರೆಡ್ ಬುಕ್ಸ್ ಆಫ್ ದಿ ಈಸ್ಟ್’ ಮಾಲೆಯಲ್ಲಿ ಆರು ಸಂಪುಟ ಲೆಗ್ ಅವರವು. ಉಪನಿಷತ್ತುಗಳೂ, ಕಾಶೀನಾಥ ತ್ರ್ಯಂಬಕ ತೇಲಂಗ್ ಅನುವಾದಿಸಿದ ಭಗವದ್ಗೀತೆಯೂ ಇದೇ ಮಾಲೆಯಲ್ಲಿ ಬಂದವು.

ಆ ಆರರಲ್ಲಿ 1882ರ ‘ಯೀ ಜಿಂಗ್’ ಕಥೆ ಹೇಳಲೇಬೇಕು. ಈ ಗ್ರಂಥದಲ್ಲಿ ಆರು ಗೆರೆಗಳ 64 ಚಿತ್ರಗಳಿವೆ. ಗೆರೆ ಒಂದೋ ಇಡಿಯಾಗಿರುತ್ತದೆ, ಇಲ್ಲವೇ ನಡುವೆ ಮುರಿದಿರುತ್ತದೆ. ಪ್ರತಿ ಚಿತ್ರಕ್ಕೂ, ಪ್ರತಿ ಗೆರೆಗೂ ಗೂಢವಾದ ಪುಟ್ಟ ಮಾತು. ಲೆಗ್ ಇದರ ಅನುವಾದವನ್ನು 1855ರಲ್ಲೇ ಮುಗಿಸಿದ್ದರು. ಮುಗಿಸಿದ ಮೇಲೆ ಅವರಿಗೆ ಅನ್ನಿಸಿದ್ದು, ಈ ಪುಸ್ತಕ ಏನು ಹೇಳುತ್ತಿದೆ ಎಂಬುದೇ ತನಗೆ ಗೊತ್ತಾಗಿಲ್ಲ ಎಂದು. ಹಸ್ತಪ್ರತಿಯನ್ನು ಎತ್ತಿಟ್ಟರು. 1870ರಲ್ಲಿ ಅದು ಕೆಂಪು ಸಮುದ್ರದ ನೀರಿನಲ್ಲಿ ತಿಂಗಳಿಗೂ ಹೆಚ್ಚು ಕಾಲ ನೆನೆಯಿತು. ಹೇಗೋ ಒಣಗಿಸಿ ಓದುವ ಸ್ಥಿತಿಗೆ ತಂದರು. 1874ರ ನಂತರ ಮತ್ತೆ ಕೈಗೆತ್ತಿಕೊಂಡಾಗ ಒಂದು ದಾರಿ ಹೊಳೆಯಿತು: ಹಳೆಯ ಮೂಲವನ್ನೂ, ಆಮೇಲೆ ಸೇರಿದ ಅನುಬಂಧಗಳನ್ನೂ ಕಲಸದೆ ಬೇರೆ ಬೇರೆಯಾಗಿ ಓದಬೇಕು. ಆ ಅನುಬಂಧಗಳು ಕನ್ಫ್ಯೂಷಿಯಸ್‌ನವೇ ಎಂಬ ಸಾಂಪ್ರದಾಯಿಕ ನಂಬಿಕೆಯನ್ನೂ ಅವರು ಪ್ರಶ್ನಿಸಿದರು. ಇದನ್ನೆಲ್ಲ ಪೀಠಿಕೆಯಲ್ಲಿ ಬಿಡಿಸಿ ಹೇಳಿದ್ದಾರೆ. ಮುಗಿದ ಕೆಲಸವನ್ನು ಅರ್ಥವಾಗಿಲ್ಲವೆಂಬ ಕಾರಣಕ್ಕೆ ಇಷ್ಟು ವರ್ಷ ತಡೆದಿಟ್ಟುಕೊಂಡ ವಿದ್ವಾಂಸರು ಎಷ್ಟು ಜನ ಸಿಗುತ್ತಾರೆ?

1886ರಲ್ಲಿ ಅವರು ಫಾಹಿಯಾನನ ಪ್ರವಾಸಕಥನ ಅನುವಾದಿಸಿದರು. ಇತಿಹಾಸದ ಪಾಠದಲ್ಲಿ ನಾವೆಲ್ಲ ಕೇಳಿರುವ, ಕ್ರಿ.ಶ. 399ರಲ್ಲಿ ಹೊರಟು ಭಾರತಕ್ಕೆ ಬಂದ ಬೌದ್ಧ ಭಿಕ್ಷು ಆತ. 1891ರಲ್ಲಿ ತಾವೋ ಗ್ರಂಥಗಳು ಬಂದವು. ಕೆಡುಕಿಗೆ ಒಳಿತಿನಿಂದ ಉತ್ತರ ಕೊಡು ಎಂಬ, ತಾವೋ ಪಂಥದ ಮೂಲಗುರು ಲಾವೋಜಿಯ ಮಾತನ್ನು ಇಂಗ್ಲಿಷಿಗೆ ತಂದದ್ದೂ ಇದೇ ಲೆಗ್. 1895ರಲ್ಲಿ, 79ರ ವಯಸ್ಸಿನಲ್ಲಿ, ‘ಲಿ ಸಾವ್’ ಎಂಬ ಪ್ರಾಚೀನ ಕಾವ್ಯದ ಮೇಲೆ ಬರೆದರು.

ತೀರ್ಪು ಬದಲಾದದ್ದು ಹೇಗೆ ಎಂಬ ಪ್ರಶ್ನೆ ಇನ್ನೂ ಬಾಕಿ ಇದೆ. ಅದು ನೇರವಾಗಿ ಏರುವ ದಾರಿಯಾಗಿರಲಿಲ್ಲ. ಕನ್ಫ್ಯೂಷಿಯಸ್‌ನೇ ಬರೆದದ್ದೆಂದು ಸಂಪ್ರದಾಯ ಹೇಳುವ ‘ಚುನ್ ಚಿಯೂ’ದ 1872ರ ಸಂಪುಟದಲ್ಲಿ ಲೆಗ್ ಕನ್ಫ್ಯೂಷಿಯಸ್ ಮೇಲೆ ಇನ್ನೂ ಗಡುಸಾಗಿದ್ದರು. ರಾಜರ ಕೊಲೆಯಂಥ ಘಟನೆಗಳನ್ನೂ ಆ ದಾಖಲೆ ಮರೆಮಾಚುತ್ತದೆ, ಸತ್ಯಕ್ಕೆ ಇದು ನ್ಯಾಯವಲ್ಲ ಎಂದಿದ್ದರು. ನನಗನ್ನಿಸುವಂತೆ ಅವರನ್ನು ಬದಲಿಸಿದ್ದು ಎರಡು. ಒಂದು, ವ್ಯಾಖ್ಯಾನಕಾರರ ಜೊತೆಗಿನ ದೀರ್ಘ ಒಡನಾಟ. ಬುದ್ಧಿವಂತರಾದ ಇಷ್ಟು ಜನ ಇಷ್ಟು ಶತಮಾನ ಒಂದು ಪುಸ್ತಕದ ಜೊತೆ ಬದುಕಿದ್ದನ್ನು ಹತ್ತಿರದಿಂದ ನೋಡಿದವರಿಗೆ ಅದರ ಮೇಲೆ ಉಡಾಫೆ ಉಳಿಯುವುದಿಲ್ಲ. ಇನ್ನೊಂದು, ಸ್ವಂತ ನಾಡನ್ನು ಚೀನೀ ಕಣ್ಣಿನಿಂದ ನೋಡಬೇಕಾಗಿ ಬಂದದ್ದು.

ಎರಡನೆಯದಕ್ಕೆ ಲೆಗ್ ಅವರೇ ಹೇಳಿಕೊಂಡ ಒಂದು ಪ್ರಸಂಗವಿದೆ. ಬ್ರಿಟನ್ನಿಗೆ ಬಂದ ಚೀನಾದ ಮೊದಲ ರಾಯಭಾರಿ ಗುವೊ ಸೊಂಗ್‌ತಾವ್ ಒಮ್ಮೆ ಕೇಳಿದರು: ನೀವು ಎರಡೂ ದೇಶ ಬಲ್ಲವರು, ಯಾವುದು ಮೇಲು? ಇಂಗ್ಲೆಂಡ್, ಎಂದರು ಲೆಗ್. ನೀತಿ, ಕರುಣೆ, ನ್ಯಾಯದ ದೃಷ್ಟಿಯಿಂದ ಕೇಳುತ್ತಿದ್ದೇನೆ, ಎಂದರು ಗುವೊ. ಲೆಗ್ ತಡವರಿಸಿದರೂ ಮತ್ತೆ ಇಂಗ್ಲೆಂಡ್ ಎಂದೇ ಹೇಳಿದರು. ಗುವೊ ಕುರ್ಚಿ ಹಿಂದೆ ತಳ್ಳಿ ಎದ್ದು, ಕೋಣೆಯಲ್ಲಿ ಒಂದು ಸುತ್ತು ನಡೆದು ಕೇಳಿದರು: ಹಾಗಾದರೆ ನಿಮ್ಮ ಅಫೀಮನ್ನು ನಾವು ತಗೊಳ್ಳಲೇಬೇಕು ಎಂದು ಇಂಗ್ಲೆಂಡ್ ಪಟ್ಟು ಹಿಡಿಯುವುದು ಏಕೆ? ಈ ಮಾತಿನಲ್ಲಿ ಸೋತದ್ದು ಯಾರು ಎಂದು ಲೆಗ್‌ಗೆ ಗೊತ್ತಿತ್ತು. ಹಾಗಿದ್ದೂ ಅದನ್ನು ತಾವೇ ಜನರ ಮುಂದೆ ಹೇಳಿದರು.

ಗೌರವ ಬಂತೆಂದು ಭಿನ್ನಾಭಿಪ್ರಾಯ ಹೋಗಲಿಲ್ಲ. ಕೆಡುಕಿಗೆ ನ್ಯಾಯದಿಂದ ಉತ್ತರ ಎಂಬ ಮಾತಿನ ಕೆಳಗೆ ಹಾಕಿದ್ದ ಆ ಟೀಕೆಯ ಟಿಪ್ಪಣಿ 1893ರ ಮುದ್ರಣದಲ್ಲೂ ಹಾಗೇ ಇದೆ. ಕೊನೆಯವರೆಗೂ ಅವರು ನಂಬಿಕೆಯುಳ್ಳ ಕ್ರೈಸ್ತರು. ನವೆಂಬರ್ 1897ರಲ್ಲಿ ಆಕ್ಸ್‌ಫರ್ಡ್‌ನಲ್ಲೇ ತೀರಿಕೊಂಡರು. ವಾಂಗ್ ತಾವ್ ತೀರಿಕೊಂಡದ್ದೂ ಅದೇ ವರ್ಷ.

ಈಗ ಲೆಗ್ ಅವರನ್ನು ಓದುವುದು ಹೇಗೆ

ಅವರ ಇಂಗ್ಲಿಷ್ ಭಾರ. ವಿಕ್ಟೋರಿಯಾ ಕಾಲದ ಚರ್ಚಿನ ಧಾಟಿ ಅಲ್ಲಲ್ಲಿ ಕೇಳುತ್ತದೆ. ಚೀನೀ ವಿದ್ವಾಂಸ ಗು ಹಾಂಗ್‌ಮಿಂಗ್, ಲೆಗ್ ಬಳಿ ಪಾಂಡಿತ್ಯವಿದೆ, ಒಳನೋಟವಿಲ್ಲ ಎಂಬ ಧಾಟಿಯಲ್ಲಿ ಟೀಕಿಸಿ 1898ರಲ್ಲಿ ‘ಲುನ್ ಯು’ವನ್ನು ತಾವೇ ಇಂಗ್ಲಿಷಿಗೆ ತಂದರು. ನಾಲ್ಕು ಪುಸ್ತಕಗಳಲ್ಲಿ ಲೆಗ್ ಹೆಚ್ಚಾಗಿ ಜೂ ಶಿಯ ದಾರಿ ಹಿಡಿದರು ಎಂಬ ಆಕ್ಷೇಪವೂ ಸರಿಯೇ. ಜೊತೆಗೆ ಅವರ ಕಾಲದ ನಂತರ ಸಿಕ್ಕ ಸಾಕ್ಷ್ಯಗಳಿವೆ. ಪ್ರಾಚೀನ ಚೀನಾದಲ್ಲಿ ಶಕುನ ಕೇಳಲು ಬಳಸುತ್ತಿದ್ದ ಮೂಳೆಗಳ ಮೇಲಿನ ಬರಹ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1899ರಲ್ಲಿ. 1973ರಲ್ಲಿ ಮಾವಾಂಗ್‌ದುಯಿ ಗೋರಿಯಲ್ಲಿ ರೇಷ್ಮೆ ಬಟ್ಟೆಯ ಮೇಲೆ ಬರೆದ ಲಾವೋಜಿ ಮತ್ತು ‘ಯೀ ಜಿಂಗ್’ ಪ್ರತಿಗಳು ಸಿಕ್ಕವು. ಇವು ಯಾವುವೂ ಲೆಗ್ ಕಂಡವಲ್ಲ. ಹಾಗಾಗಿ ಅರ್ಥಕ್ಕೆ ಹೊಸ ಅನುವಾದವೊಂದನ್ನು ಪಕ್ಕಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಆದರೆ ಟಿಪ್ಪಣಿಗಳ ವಿಷಯದಲ್ಲಿ ಇಂದಿಗೂ ಲೆಗ್ ಸಾಟಿಯಿಲ್ಲದವರು ಎಂಬುದು ನನ್ನ ಅಭಿಪ್ರಾಯ. 1960ರಲ್ಲಿ ಹಾಂಗ್‌ಕಾಂಗ್ ವಿಶ್ವವಿದ್ಯಾಲಯ ಇಡೀ ಮಾಲೆಯನ್ನು ಮತ್ತೆ ಅಚ್ಚು ಹಾಕಿತು. ಈಗ ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ‘ಚೈನೀಸ್ ಟೆಕ್ಸ್ಟ್ ಪ್ರಾಜೆಕ್ಟ್’ ತಾಣದಲ್ಲಿ ಚೀನೀ ಮೂಲದ ಎದುರಿಗೇ ಲೆಗ್ ಅನುವಾದ ಇದೆ. ಟಿಪ್ಪಣಿ ಬೇಕಾದರೆ ಮಾತ್ರ ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿಯನ್ನೇ ಹುಡುಕಬೇಕು.

ಹೊಸದಾಗಿ ಓದುವವರು ಕನ್ಫ್ಯೂಷಿಯಸ್‌ಗಿಂತ ಮೊದಲು ಎರಡನೆಯ ಸಂಪುಟವಾದ ಮೆನ್ಷಿಯಸ್‌ನಿಂದ ಶುರು ಮಾಡಲಿ. ಕನ್ಫ್ಯೂಷಿಯಸ್‌ನ ಮಾತುಗಳು ತುಂಡು ತುಂಡು, ಸಂದರ್ಭ ಗೊತ್ತಿಲ್ಲದಿದ್ದರೆ ಕೈಗೆ ಸಿಗುವುದಿಲ್ಲ. ಮೆನ್ಷಿಯಸ್‌ನಲ್ಲಿ ಕಥೆಗಳಿವೆ, ವಾದಗಳಿವೆ. ಮೊದಲ ಪುಟದಲ್ಲೇ ರಾಜನೊಬ್ಬ, ಇಷ್ಟು ದೂರದಿಂದ ಬಂದಿದ್ದೀರಿ, ನನ್ನ ರಾಜ್ಯಕ್ಕೆ ಏನು ಲಾಭ ತಂದಿರಿ ಎಂದು ಕೇಳುತ್ತಾನೆ. ಲಾಭದ ಮಾತೇಕೆ ದೊರೆಯೇ, ಎಂದು ಮೆನ್ಷಿಯಸ್ ಶುರು ಮಾಡುತ್ತಾನೆ.